ಅರ್ಧ ನೋಡಿದ ಸ್ಪ್ಯಾನಿಷ್ ಸಿನಿಮಾ

ನಮ್ಮ ಮನೆಯ ರಿಮೋಟಿನಲ್ಲಿ ಉಳಿದೆಲ್ಲ ಗುಂಡಿಗಳು ಅಂಗಡಿಯಿಂದ ಈಗಷ್ಟೇ ತಂದಂತಿವೆ. ಸಿನಿಮಾ ನಿಲ್ಲಿಸುವ ಗುಂಡಿಯ ಮೇಲಿದ್ದ ಎರಡು ಗೀಟುಗಳು ಮಾತ್ರ ಪೂರಾ ಅಳಿಸಿಹೋಗಿವೆ. ಹೋದ ವಾರ ಸೋಫಾದ ಸಂದಿಯಿಂದ ಅದನ್ನು ಹೊರಗೆಳೆಯುವಾಗ ಇದು ಕಣ್ಣಿಗೆ ಬಿತ್ತು. ಕಾರಣ ಹುಡುಕಬೇಕಾಗಿಲ್ಲ. ನಮ್ಮದು ಇಂಟರ್‌ವಲ್ ಇಲ್ಲದೆ ಸಿನಿಮಾ ನೋಡಲಾರದ ಮನೆ.

ಅಮೆರಿಕಕ್ಕೆ ಬಂದ ಹೊಸತರಲ್ಲಿ ನಾವು ಶಿಕಾಗೋದ ಹತ್ತಿರ ಇದ್ದೆವು. ಆಗ ಮೊದಲ ಸಲ ಇಲ್ಲಿನ ಥಿಯೇಟರಿಗೆ ಹೋದದ್ದು. ಒಂದು ಗಂಟೆಯಾಯಿತು, ಒಂದೂಕಾಲು ಗಂಟೆಯಾಯಿತು, ದೀಪ ಹತ್ತಲೇ ಇಲ್ಲ. ನನ್ನ ಗಂಡ ಗಿರೀಶ ಮೈಸೂರಿನವನು, ಮರ್ಯಾದಸ್ಥ, ಕೂತಲ್ಲೇ ಚಡಪಡಿಸಿದ. ನಾನು ಗದಗಿನವಳು. "ಈಗ ಬಿಡ್ತಾರ, ಈಗ ಬಿಡ್ತಾರ" ಎನ್ನುತ್ತ ಪರ್ಸಿನಿಂದ ಚಿಲ್ಲರೆ ತೆಗೆದು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಕೊನೆಗೆ ಪರದೆಯ ಮೇಲೆ ಹೆಸರುಗಳು ಏರತೊಡಗಿದಾಗ ಇದೇ ಇಂಟರ್‌ವಲ್ ಎಂದುಕೊಂಡು ಓಡಿಹೋಗಿ ಪಾಪ್‌ಕಾರ್ನ್ ತಂದೆ. ವಾಪಸ್ ಬಂದರೆ ಒಬ್ಬಾಕೆ ಕಸ ಗುಡಿಸುತ್ತಿದ್ದಳು. ಹೀಗೆ ನಡೆಯಿತೆಂದು ನಾನು ಹೇಳುತ್ತೇನೆ. ಪಾಪ್‌ಕಾರ್ನ್ ತಂದದ್ದು ತಾನು ಎಂದು ಗಿರೀಶ ಹೇಳುತ್ತಾನೆ. ದಿನಚರಿ ತೆಗೆದು ನೋಡಿದರೆ ಆ ತಾರೀಕಿನಲ್ಲಿ "ಹಿಮ. ಕಾಲು ನೋವು" ಎಂದಷ್ಟೇ ಇದೆ.

ಗದಗಿನಲ್ಲಿ ನಾವು ಒಂದು ಟಿಕೆಟ್ಟಿಗೆ ಮೂರು ಸಿನಿಮಾ ನೋಡುತ್ತಿದ್ದೆವು. ಇಂಟರ್‌ವಲ್ಲಿಗೆ ಮೊದಲಿನದು ಒಂದು, ನಂತರದ್ದು ಒಂದು, ನಡುವೆ ನಮ್ಮವ್ವ ಹೇಳುವುದು ಒಂದು. ಅಪ್ಪ ಹುರಿದ ಶೇಂಗಾ ತರಲು ಹೊರಗೆ ಹೋದ ಕೂಡಲೇ ಅವ್ವ ಹಿಂದಿನ ಸಾಲಿನವರ ಕಡೆ ತಿರುಗಿ ಕೂರುತ್ತಿದ್ದಳು. "ಆ ತಂಗಿ ಸಾಯಂಗಿಲ್ಲ ನೋಡ್ರಿ. ದವಾಖಾನಿಗೆ ಹೋಗ್ತಾಳ, ಅಲ್ಲೆ ಅವ್ರಣ್ಣ ಸಿಗ್ತಾನ." ತಂಗಿ ಸತ್ತೇಹೋದರೆ ಅವ್ವನಿಗೆ ತಾನು ತಪ್ಪಿದೆನೆಂದು ಅನ್ನಿಸುತ್ತಲೇ ಇರಲಿಲ್ಲ. "ಇವರಿಗೆ ಕತಿ ಮಾಡಾಕ ಬರಂಗಿಲ್ಲ" ಎಂದು ಸೆರಗು ಕೊಡವಿ ಎದ್ದುಬಿಡುತ್ತಿದ್ದಳು.

ಸಿನಿಮಾ ಶುರುವಾಗುವ ಮೊದಲು ಸರ್ಕಾರದ ಕಪ್ಪು ಬಿಳುಪಿನ ರೀಲು ಬರುತ್ತಿತ್ತಲ್ಲ, ಅದೂ ನೆನಪಿದೆ. ಅಣೆಕಟ್ಟು, ರಿಬ್ಬನ್ ಕತ್ತರಿಸುವ ಕೈ, ನೆರೆಯ ನೀರಿನ ಮೇಲೆ ಹೆಲಿಕಾಪ್ಟರು. ರಾಜಕೀಯವೆಂದರೆ ಅದು, ಸಿನಿಮಾ ಎಂದರೆ ಆಮೇಲೆ ಬರುವುದು ಎಂದು ಬಹಳ ವರ್ಷ ನಂಬಿದ್ದೆ. ಎರಡನ್ನೂ ಒಂದೇ ಅಡುಗೆಮನೆಯಲ್ಲಿ ಕೂರಿಸಿ ಊಟಕ್ಕೆ ಬಡಿಸಬಹುದು ಎಂದು ನನಗೆ ತೋರಿಸಿಕೊಟ್ಟದ್ದು ಸ್ಪ್ಯಾನಿಷ್ ಭಾಷೆಯ ಸಿನಿಮಾಗಳು.

ಅವು ನಮ್ಮ ಮನೆಗೆ ಬಂದದ್ದು ಮಗಳ ಹೋಮ್‌ವರ್ಕಿನ ದಾರಿಯಲ್ಲಿ. ಅದಿತಿ ಒಂಬತ್ತನೇ ತರಗತಿಯಲ್ಲಿ ಸ್ಪ್ಯಾನಿಷ್ ತೆಗೆದುಕೊಂಡಳು. ತಿಂಗಳಿಗೊಂದು ಸಿನಿಮಾ ನೋಡಿ ಬರೆಯಬೇಕಿತ್ತು. ಅವಳೊಬ್ಬಳೇ ಯಾಕೆ ಎಂದು ನಾವೂ ಕೂತೆವು, ನಮ್ಮನ್ನು ನೋಡಿ, ಡೆಟ್ರಾಯ್ಟಿನ ಹತ್ತಿರ ಈಗ ನಾವಿರುವ ಕ್ಯಾಂಟನ್ನಿನ ಇನ್ನೂ ಮೂರು ಮನೆಯವರು ಬಂದು ಕೂತರು. ಈಗ ತಿಂಗಳಿಗೊಂದು ಭಾನುವಾರ, ಮಧ್ಯಾಹ್ನ ಎರಡು ಗಂಟೆಗೆ, ನಮ್ಮ ಬೇಸ್‌ಮೆಂಟೇ ಟಾಕೀಸು. ಸಿನಿಮಾ ಆರಿಸುವುದು ಮಾರ್ತಾ. ಹತ್ತಿರದ ಊರು ವಿಕ್ಸಮ್ಮಿನ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ನನ್ನ ಪಕ್ಕದ ಮೇಜಿನಾಕೆ, ಅರ್ಜೆಂಟೀನಾದ ಒಂದು ಸಣ್ಣ ಊರಿನವಳು, ನಿವೃತ್ತಿಗೆ ಇನ್ನೆರಡು ವರ್ಷ. ಅವಳು ತಂದವುಗಳಲ್ಲಿ ಭಾಷಣ ಮಾಡುವವರೇ ಇರುವುದಿಲ್ಲ. ಒಂದರಲ್ಲಿ ಅಪಾರ್ಟ್‌ಮೆಂಟಿನ ಲಿಫ್ಟು ಕೆಟ್ಟಿತ್ತು. ಅದರ ರಿಪೇರಿಗೆಂದು ಸಭೆ ಸೇರಿದವರು ದೇಶ ಕೆಟ್ಟದ್ದು ಹೇಗೆಂದು ತಮಗೇ ತಿಳಿಯದಂತೆ ಹೇಳಿ ಮುಗಿಸಿದ್ದರು. ಇನ್ನೊಂದರಲ್ಲಿ ಊರಾಚೆಯ ಹೊಲದ ಒಂದು ಮೂಲೆಯನ್ನು ಯಾರೂ ಉಳುವುದಿಲ್ಲ, ಯಾಕೆಂದು ಯಾರೂ ಬಾಯಿ ಬಿಡುವುದಿಲ್ಲ. ಅಲ್ಲಿ ಯಾರನ್ನೋ ಹೂತಿದ್ದಾರೆಂದು ನೋಡುವ ನಮಗೆ ಮಾತ್ರ ಮೆಲ್ಲಗೆ ತಿಳಿಯುತ್ತ ಹೋಗುತ್ತದೆ.

ಯಾವುದನ್ನು ನೋಡಿದರೂ ಪಾಟೀಲ ಡಾಕ್ಟರ ಅಭಿಪ್ರಾಯ ಒಂದೇ. ಅವರು ಬಾಗಲಕೋಟೆಯವರು, ಆನ್ ಆರ್ಬರಿನ ಆಸ್ಪತ್ರೆಯಲ್ಲಿ ಕೆಲಸ. "ಇದು ಥೇಟ್ ನಮ್ಮೂರ ಸೊಸೈಟಿ ಎಲೆಕ್ಷನ್ ಇದ್ದಂಗ ಐತ್ರೀ" ಎನ್ನುತ್ತಾರೆ. ಮಾರ್ತಾಗೆ ಇದನ್ನು ಅನುವಾದ ಮಾಡಿ ಹೇಳಿದೆ. ಹಾಗಾದರೆ ಆ ಊರಿಗೆ ಒಮ್ಮೆ ಹೋಗಲೇಬೇಕು, ಲ್ಯಾಟಿನ್ ಅಮೆರಿಕ ಪೂರ್ತಿ ಒಂದೇ ಕಡೆ ನೋಡಬಹುದು ಎಂದಳು.

ಅವಳಿಗೆ ಒಗ್ಗದಿದ್ದದ್ದು ಇಂಟರ್‌ವಲ್. ಮೊದಲ ಸಲ ನಾನು ಸಿನಿಮಾ ನಿಲ್ಲಿಸಿದಾಗ ಡಿಸ್ಕು ಸಿಕ್ಕಿಕೊಂಡಿತೆಂದುಕೊಂಡಳು. ಚಹಾ ಬಂತು, ಮಂಡಕ್ಕಿಗೆ ಈರುಳ್ಳಿ ಹಾಕಿ ಕಲಸಿದ ಗಿರ್ಮಿಟ್ಟು ಬಂತು, ಪಾಟೀಲರು ಮುಂದಿನ ಕಥೆ ಹೇಳತೊಡಗಿದರು. "ಒಂದು ಹೆಂಗಸು ಅಳಲಿಕ್ಕೆ ಬಾಯಿ ತೆರೆದಿದ್ದಾಳೆ, ನೀವು ಈರುಳ್ಳಿ ತಿನ್ನುತ್ತಿದ್ದೀರಿ" ಎಂದು ಗದರಿದಳು. ಈಗ ಅವಳೇ ಡೆಟ್ರಾಯ್ಟಿನ ಮೆಕ್ಸಿಕನ್ ಬೇಕರಿಯಿಂದ ಸಿಹಿ ಬನ್ನು ತಂದು, ಒಂದು ಗಂಟೆಯಾದ ಮೇಲೆ ನನ್ನ ಕೈಯ ರಿಮೋಟನ್ನೇ ನೋಡುತ್ತ ಕೂರುತ್ತಾಳೆ.

ಇಷ್ಟೆಲ್ಲ ಹೇಳಿದ್ದು ಒಂದು ಸಿನಿಮಾದ ವಿಷಯಕ್ಕೆ ಬರಲು. ಅದರ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಹುಡುಕಿ ನೋಡುತ್ತೀರಿ, ನಾನಿಲ್ಲಿ ಹೇಳುವುದರಲ್ಲೂ ಎಷ್ಟು ತಪ್ಪಿದೆಯೆಂದು ಲೆಕ್ಕ ಹಾಕುತ್ತೀರಿ.

ಧಾರವಾಡದಲ್ಲಿ ಎಂ.ಎಸ್ಸಿ. ಮಾಡುವಾಗ ನನ್ನ ರೂಮ್‌ಮೇಟ್ ಶೈಲಾ ಜೊತೆ ಫಿಲ್ಮ್ ಕ್ಲಬ್ಬಿಗೆ ಹೋಗಿ ಅದನ್ನು ನೋಡಿದ್ದೆ. ಸರ್ವಾಧಿಕಾರದ ಕಾಲ, ಸಣ್ಣ ಊರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಬ್ಬಾಕೆ ವೈರು ಚುಚ್ಚಿ ಊರಿನವರ ಕರೆಗಳನ್ನು ಜೋಡಿಸುತ್ತಾಳೆ. ಒಂದು ದಿನ ಅಧಿಕಾರಿ ಬಂದು ಅವಳ ಮುಂದೆ ದಪ್ಪ ನೋಟ್‌ಬುಕ್ ಇಡುತ್ತಾನೆ. ಯಾರು ಯಾರೊಡನೆ ಏನು ಮಾತಾಡಿದರು, ಕದ್ದು ಕೇಳಿ ಬರೆಯಬೇಕು. ಆಮೇಲೆ ಏನಾಯಿತೆಂದು ಇಪ್ಪತ್ತೈದು ವರ್ಷದಿಂದ ನಾನು ಕಂಡ ಕಂಡವರಿಗೆ ಹೇಳುತ್ತ ಬಂದಿದ್ದೇನೆ. ಅವಳು ಎದ್ದು ನಿಂತು ಒಂದೊಂದೇ ವೈರು ಕೀಳುತ್ತಾಳೆ. ಎಲ್ಲ ಕಿತ್ತು ಮುಗಿಸಿ ಕೋಟು ಹಾಕಿಕೊಂಡು ಬೀದಿಗಿಳಿಯುತ್ತಾಳೆ. ಅವಳ ಹಿಂದೆ ಇಡೀ ಊರು ಸತ್ತ ಫೋನು ಹಿಡಿದು "ಹಲೋ, ಹಲೋ" ಎನ್ನುತ್ತಿರುತ್ತದೆ. ಅವಳ ಬೂಟಿನ ಸದ್ದನ್ನೂ ನಾನು ಬಾಯಲ್ಲಿ ಮಾಡಿ ತೋರಿಸುತ್ತಿದ್ದೆ.

ಅದಿತಿ ಇದನ್ನು ಕೇಳುತ್ತಲೇ ಬೆಳೆದಳು. ಅವಳಿಗೆ ಹೇಳುವಾಗ ಒಂದು ಬಾಲವನ್ನೂ ಸೇರಿಸುತ್ತಿದ್ದೆ. ಆ ಸಿನಿಮಾ ನೋಡಿ ಬಂದ ಮೇಲೆಯೇ ನಾನು ಬಾಳಿನಲ್ಲಿ ಮೊದಲ ಸಲ "ಒಲ್ಲೆ" ಅಂದದ್ದು, ನೋಡಲು ಬಂದ ರಾಣೆಬೆನ್ನೂರಿನ ವರನಿಗೆ. ಈ ವರ್ಷ ಅವಳು ಆನ್ ಆರ್ಬರಿನ ಯೂನಿವರ್ಸಿಟಿಗೆ ಅಪ್ಲೈ ಮಾಡುವಾಗ, ನಿನ್ನನ್ನು ರೂಪಿಸಿದ ಕಥೆಯೊಂದನ್ನು ಬರೆ ಎಂಬ ಪ್ರಶ್ನೆಗೆ ಇದನ್ನೇ ಬರೆದಳು. ವೈರು ಕಿತ್ತ ಹೆಂಗಸು, ವರನನ್ನು ಕಳಿಸಿದ ಅಮ್ಮ, ಅಪ್ಪನ ಇಂಜಿನಿಯರಿಂಗ್ ಬಿಟ್ಟು ರಾಜ್ಯಶಾಸ್ತ್ರ ಓದುತ್ತೇನೆನ್ನುವ ಮಗಳು. ಸ್ಕೂಲಿನ ಕೌನ್ಸೆಲರ್ ಓದಿ, ಇದರಲ್ಲಿ ಒಂದಕ್ಷರ ಮುಟ್ಟಬೇಡ ಅಂದಿದ್ದರಂತೆ. ಕಳಿಸಲು ಶನಿವಾರ ಸಂಜೆ ಆರು ಗಂಟೆ ಗಡುವು.

ಅದಕ್ಕೆ ಮೊದಲಿನ ಭಾನುವಾರ ಮಾರ್ತಾ ಆ ಸಿನಿಮಾದ ಡಿಸ್ಕನ್ನು ಲೈಬ್ರರಿಯಿಂದ ಹುಡುಕಿ ತಂದಳು. ನನಗೆ ಹಬ್ಬ. ಅಧಿಕಾರಿ ನೋಟ್‌ಬುಕ್ ಮುಂದಕ್ಕೆ ತಳ್ಳಿದ, ಅವಳು ಪೆನ್ನಿನ ಮುಚ್ಚಳ ತೆಗೆದಳು. ಎಲ್ಲ ನೆನಪಿದ್ದಂತೆಯೇ ಇತ್ತು, ಗೋಡೆಯ ಬಣ್ಣ ಸಮೇತ. ಅಲ್ಲಿಗೆ ನಿಲ್ಲಿಸಿದೆ. ಇಂಟರ್‌ವಲ್ಲಿನಲ್ಲಿ ಎದ್ದು ನಿಂತು, ಅವ್ವನ ಮಗಳಲ್ಲವೇ, ಕೊನೆಯನ್ನು ಬೂಟಿನ ಸದ್ದಿನೊಡನೆ ಎಲ್ಲರಿಗೂ ಹೇಳಿದೆ. ಅದಿತಿ ಹೆಮ್ಮೆಯಿಂದ ನೋಡುತ್ತಿದ್ದಳು. ಮಾರ್ತಾ ಬನ್ನು ಮುರಿಯುತ್ತ ಕೂತಿದ್ದಳು.

ಚಹಾ ಮುಗಿದು ಸಿನಿಮಾ ಮುಂದುವರಿಯಿತು. ಆಕೆ ಬರೆದಳು. ಮರುದಿನವೂ ಬರೆದಳು. ವೈರು ಕೀಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದು ಕರೆ ಜೋಡಿಸಿ ಕೇಳುತ್ತ ಕೂತವಳು ಸಣ್ಣದಾಗಿ ಕೆಮ್ಮಿದಳು. ಆ ಕಡೆ ಮಾತಾಡುತ್ತಿದ್ದ ಶಾಲೆಯ ಮೇಷ್ಟ್ರು ತಡೆದು, ಏನೋ ಹೇಳಲು ಹೊರಟಿದ್ದವರು ಕಡಲೆಯ ಧಾರಣೆ ಕೇಳಿದರು. ಮೆಲ್ಲಗೆ ಊರಿಗೆಲ್ಲ ಗೊತ್ತಾಯಿತು. ಕೆಮ್ಮು ಕೇಳಿದರೆ ಕಡಲೆ, ಕೆಮ್ಮು ಕೇಳಿದರೆ ಮಳೆ, ಕೆಮ್ಮು ಕೇಳಿದರೆ ಅತ್ತೆಯ ಮಂಡಿನೋವು. ನೋಟ್‌ಬುಕ್ಕಿನ ತುಂಬ ಕಡಲೆ ನೋಡಿ ಸಂಶಯಗೊಂಡ ಅಧಿಕಾರಿ ಅವಳನ್ನು ಡಾಕ್ಟರ ಬಳಿ ಕಳಿಸಿದ. ಡಾಕ್ಟರು ಅವಳ ಗಂಟಲಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿ ಚೀಟಿ ಬರೆದುಕೊಟ್ಟರು: ಹಳೆಯ ಕಾಯಿಲೆ, ವಾಸಿಯಾಗುವುದಿಲ್ಲ. ಅವಳು ಕೆಲಸಕ್ಕೆ ವಾಪಸ್ ಹೋದಳು. ಅಲ್ಲಿಗೆ ಮುಗಿಯಿತು.

ಪರದೆಯ ಮೇಲೆ ಹೆಸರುಗಳು ಏರತೊಡಗಿದವು.

"ಅಕ್ಕಾರ," ಅಂದರು ಪಾಟೀಲ ಡಾಕ್ಟರು, "ನೀವು ಹೇಳಿದ ಸಿನಿಮಾ ಯಾವಾಗ ಚಾಲೂ ಆಗ್ತೈತ್ರೀ?"

ಎಲ್ಲರೂ ನಕ್ಕರು. "ಆ ಡಾಕ್ಟರ್ ಬರದದ್ದು ಮಾತ್ರ ಬರೋಬ್ಬರಿ ಐತಿ," ಎಂದು ಅವರೇ ಮುಂದುವರಿಸಿದರು. "ಗಂಟಲದಾಗ ಏನೂ ಕಾಣ್ಲಿಲ್ಲಂದ್ರ ನಾವೂ ಹಂಗ ಬರೀತೀವಿ."

ಮಾರ್ತಾ ನನ್ನ ತೋಳು ಹಿಡಿದಳು. "ನಿನ್ನ ಕೊನೆ ಚೆನ್ನಾಗಿದೆ. ಆದರೆ ನಮ್ಮ ಊರಿನಲ್ಲಿ ವೈರು ಕಿತ್ತವರನ್ನು ನಾನು ಕಂಡಿಲ್ಲ. ಕೆಮ್ಮಿದವರು ಬೇಕಾದಷ್ಟು ಜನ ಇದ್ದರು. ನಮ್ಮಮ್ಮ ಅದರಲ್ಲಿ ಒಬ್ಬಳು."

ನಗದೇ ಇದ್ದವಳು ಅದಿತಿ ಒಬ್ಬಳೇ. ಎಲ್ಲರೂ ಹೋದ ಮೇಲೆ ಅವಳ ಕೋಣೆಗೆ ಹೋದೆ. ಎಸ್ಸೆಯನ್ನು ತೆರೆದಿಟ್ಟುಕೊಂಡು ಕೂತಿದ್ದಳು.

"ಅಮ್ಮಾ, ಯು ಸೆಡ್ ಯು ಸಾ ಇಟ್."

"ನೋಡಿದ್ದೆ ಪುಟ್ಟಾ."

"ಫುಲ್?"

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಗಿರೀಶ, "ಇರ್ಲಿ ಬಿಡೇ, ಕಳಿಸಿಬಿಡು. ಆ ಸಿನಿಮಾನ ಯಾರು ನೋಡಿರ್ತಾರೆ? ಯಾರು ಚೆಕ್ ಮಾಡ್ತಾರೆ?" ಅಂದ.

"ಅಪ್ಪಾ, ಐ ನೋ ನೌ," ಅಂದಳು ಅದಿತಿ.

ಶೈಲಾಗೆ ಫೋನ್ ಮಾಡಿದೆ. ಅವಳೀಗ ಶಿಕಾಗೋದ ಪಕ್ಕದ ನೇಪರ್‌ವಿಲ್ಲಿನಲ್ಲಿದ್ದಾಳೆ. ನಡುವೆ ನಾಲ್ಕೂವರೆ ಗಂಟೆಯ ಡ್ರೈವ್ ಇದ್ದರೂ ಮಾತಿನಲ್ಲಿ ಹಾಸ್ಟೆಲಿನ ಎರಡು ಮಂಚಗಳಷ್ಟೇ ದೂರ.

"ಶೈಲಾ, ಆ ಟೆಲಿಫೋನ್ ಸಿನಿಮಾದ ಕಡೀಕ ಏನಾತು ಹೇಳು."

"ಆಕಿ ಎಲ್ಲಾ ವೈರ್ ಕಿತ್ತು ಒಗೀತಾಳ. ಯಾಕ?"

"ನೀ ನೋಡಿದ್ಯಾ?"

"ನಾ ಎಲ್ಲಿ ನೋಡ್ಲಿ? ನೀನ ಹೇಳಿದ್ಯಲ್ಲ!"

"ನನಗ ನೀ ಹೇಳಿದ್ದಲ್ಲಾ?"

"ಏ ಹುಚ್ಚಿ, ಇಂಟರ್‌ವಲ್‌ದಾಗ ಇಬ್ಬರೂ ಕೂಡೇ ಎದ್ದು ಬಂದಿದ್ವಿ. ಏಳಕ್ಕ ಹಾಸ್ಟೆಲ್ ಗೇಟ್ ಹಾಕ್ತಿದ್ರು. ಓಡಿ ಬಂದು ನನ್ನ ಚಪ್ಪಲಿ ಉಂಗುಷ್ಟ ಹರೀತು, ನೆನಪಿಲ್ಲೇನು?"

ನೆನಪಿಗೆ ಬಂತು. ಅಥವಾ ಅವಳು ಹೇಳಿದ್ದರಿಂದ ಆಗಷ್ಟೇ ಹುಟ್ಟಿತೋ, ಆಣೆಯಿಟ್ಟು ಹೇಳಲಾರೆ. ಪ್ರೊಜೆಕ್ಟರಿನವರು ರೀಲು ಬದಲಿಸಲು ದೀಪ ಹಾಕಿದ್ದರು. ನಾವಿಬ್ಬರೂ ಗೇಟಿನ ಹೆದರಿಕೆಗೆ ಎದ್ದು ಓಡಿದ್ದೆವು. ಬಹುಶಃ ಮೆಸ್ಸಿನಲ್ಲಿ ಊಟಕ್ಕೆ ಕೂತು, ಆಕೆ ಏನು ಮಾಡಿದ್ದರೆ ಚೆನ್ನಾಗಿರುತ್ತಿತ್ತು ಎಂದು ಮಾತಾಡಿಕೊಂಡಿರಬೇಕು. ಒಬ್ಬಳ ಆಸೆ ಇನ್ನೊಬ್ಬಳಿಗೆ ಸಾಕ್ಷಿಯಾಯಿತು. ಸರ್ವಾಧಿಕಾರಿಯನ್ನು ಎದುರಿಸಿದ ಹೆಂಗಸಿನ ಕಥೆಯನ್ನು ನಾವು ಕಟ್ಟಿದ್ದು ವಾರ್ಡನ್ನಿಗೆ ಹೆದರಿ ಓಡಿಬಂದ ಅರ್ಧ ಗಂಟೆಯೊಳಗೆ.

ಸೂಟ್‌ಕೇಸಿನ ತೂಕಕ್ಕೆ ಅಂಜದೆ ಹೊತ್ತು ತಂದ ಹಳೆಯ ದಿನಚರಿಗಳಿವೆಯಲ್ಲ, ಅವನ್ನು ತೆಗೆದೆ. ಆ ದಿನದ ಪುಟ ಸಿಕ್ಕಿತು. "ಶೈಲಾ ಜೊತೆ ಸ್ಪ್ಯಾನಿಷ್ ಸಿನಿಮಾ. ಊಟಕ್ಕೆ ಬದನೆಕಾಯಿ ಎಣ್ಣೆಗಾಯಿ. ಭಾಳ ಚೊಲೋ ಇತ್ತು." ಯಾವುದು ಚೊಲೋ ಇತ್ತೋ ಬರೆದವಳಿಗೇ ಗೊತ್ತು. ಇನ್ನಷ್ಟು ಹಾಳೆ ತಿರುಗಿಸಬಾರದಿತ್ತು, ತಿರುಗಿಸಿದೆ. ರಾಣೆಬೆನ್ನೂರಿನವರು ನನ್ನನ್ನು ನೋಡಲು ಬಂದದ್ದು ಸಿನಿಮಾ ನೋಡುವುದಕ್ಕೆ ಎರಡು ತಿಂಗಳು ಮೊದಲು. ಒಲ್ಲೆ ಅಂದವರು ಅವರು. ಜಾತಕ ಕೂಡಲಿಲ್ಲವಂತೆ.

ಬುಧವಾರ ಅದಿತಿಯನ್ನು ಸ್ಕೂಲಿಗೆ ಬಿಡಲು ಹೋಗುವಾಗ ಕಾರಿನಲ್ಲಿ ಎಲ್ಲ ಹೇಳಿದೆ. ಗೇಟು, ಚಪ್ಪಲಿ, ಎಣ್ಣೆಗಾಯಿ, ಜಾತಕ. ಸಿಗ್ನಲ್ಲಿನಲ್ಲಿ ಮುಖ ತಿರುಗಿಸಿ ನೋಡಿದರೆ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು.

"ಹಿ ರಿಜೆಕ್ಟೆಡ್ ಯೂ?"

"ಅವನಲ್ಲ. ಅವನ ನಕ್ಷತ್ರ."

ನಗು ನಿಂತ ಮೇಲೆ ಕೇಳಿದಳು. "ಅಮ್ಮಾ, ಕ್ಯಾನ್ ಐ ರೈಟ್ ದಿಸ್? ಇದನ್ನೇ ಬರೀಲಾ? ನೀನು ಬೇಡ ಅಂದ್ರೆ ಬರೆಯಲ್ಲ."

ನಾನು ಯೋಚಿಸಿ ಹೇಳುತ್ತೇನೆ ಅಂದೆ. ಓದುಗರೇ, ಇಲ್ಲಿ ನನ್ನನ್ನು ಕ್ಷಮಿಸಬೇಕು. ನನ್ನ ನೆನಪನ್ನು ನಾನೇ ನಂಬುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವಳು ನಾನು. ಆದರೂ ಒಂದೂವರೆ ದಿನ ಆ ಅಪ್ಪಣೆ ಬಾಯಿಂದ ಹೊರಡಲಿಲ್ಲ. ಆನ್ ಆರ್ಬರಿನ ಯಾವುದೋ ಮೇಜಿನಲ್ಲಿ ಯಾರೋ ಅಪರಿಚಿತರು ನನ್ನನ್ನು ಧೈರ್ಯವಂತೆ ಎಂದು ಓದಲಿದ್ದರು. ಆ ಸುಖ ಕೈಬಿಡುವುದು ಕಷ್ಟವಾಯಿತು. ಹೆಚ್ಚಿನ ಕಷ್ಟ ಅದಿತಿಯದು. ಒಂದಕ್ಷರ ಮುಟ್ಟಬೇಡ ಅನ್ನಿಸಿಕೊಂಡ ಎಸ್ಸೆಯನ್ನು ಕೈಬಿಟ್ಟು ಮೂರು ದಿನದಲ್ಲಿ ಹೊಸದು ಬರೆಯಬೇಕು. ಬರೆದದ್ದು ಅಷ್ಟು ಚೆನ್ನಾಗಿ ಬಾರದಿದ್ದರೆ? ಹಳೆಯದನ್ನೇ ಕಳಿಸಲಿ ಎಂದು ಒಂದು ಗಳಿಗೆ, ಗಿರೀಶನಂತೆ, ನನಗೂ ಅನ್ನಿಸಿತು.

ಗುರುವಾರ ಸಂಜೆ ದೋಸೆ ಹೊಯ್ಯುತ್ತಿದ್ದಾಗ ಅದಿತಿ ಬಂದು ಪಕ್ಕದಲ್ಲಿ ನಿಂತಳು. ನಾನು ದೋಸೆ ತಿರುವಿ ಹಾಕಿ, "ಬರಿ" ಅಂದೆ.

ಶನಿವಾರ ಐದೂವರೆಗೆ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ತಂದಿಟ್ಟಳು. "ಓದು. ಫ್ಯಾಕ್ಟ್ಸ್ ಮಾತ್ರ ನೋಡು. ಏನಾದ್ರೂ ರಾಂಗ್ ಇದ್ರೆ ಈಗಲೇ ಹೇಳ್ಬೇಕು."

ಓದಿದೆ. ಎಂಥ ಹುಡುಗಿಯನ್ನು ಬೆಳೆಸಿದ್ದೇವೆ ಎಂದು ಗಿರೀಶನಿಗೆ ಹೇಳಬೇಕೆನ್ನಿಸುವಷ್ಟು ಚೆನ್ನಾಗಿತ್ತು. ಇಬ್ಬರು ಹುಡುಗಿಯರು ಗೇಟಿಗೆ ಹೆದರಿ ಎದ್ದು ಬರುತ್ತಾರೆ, ಕಾಣದ ಅರ್ಧವನ್ನು ತಮಗೆ ಬೇಕಾದ ಧೈರ್ಯದಿಂದ ತುಂಬಿಕೊಳ್ಳುತ್ತಾರೆ. ಗೇಟಿನ ಹೊತ್ತು, ಹರಿದ ಉಂಗುಷ್ಟ, ಮಾರ್ತಾಳ ಅಮ್ಮ, ಎಲ್ಲ ಸರಿಯಾಗಿತ್ತು. ಕೊನೆಯ ಪ್ಯಾರಾಕ್ಕೆ ಬಂದೆ. ಸಿನಿಮಾ ಮುಗಿದಾಗ ಎಲ್ಲರೂ ನನ್ನ ತಾಯಿಯನ್ನು ನೋಡಿ ನಕ್ಕರು, ಅವಳು ಎದ್ದು ನಿಂತು, ತಾನೂ ನಕ್ಕು, ತಾನು ತಪ್ಪು ಹೇಳಿದ್ದೆನೆಂದು ಎಲ್ಲರ ಎದುರು ಒಪ್ಪಿಕೊಂಡಳು, ನಾನು ಕಂಡ ಅತ್ಯಂತ ಧೈರ್ಯದ ಕೆಲಸ ಅದು, ಎಂದಿತ್ತು.

ಮತ್ತೆ ಓದಿದೆ. ಬಹಳ ಚಂದದ ಪ್ಯಾರಾ. ಕಣ್ಣು ಒದ್ದೆಯಾಯಿತು.

"ಆಯ್ತಾ? ಎಲ್ಲಾ ಕರೆಕ್ಟಾ?" ಅದಿತಿಯ ಬೆರಳು ಆಗಲೇ ಗುಂಡಿಯ ಬಳಿ ಇತ್ತು. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಹದಿನೆಂಟು ನಿಮಿಷ.

"ಅದಿತಿ, ನಾನು ಹಾಗೆ ಹೇಳಲಿಲ್ಲ."

"ಯು ಡಿಡ್. ಐ ವಾಸ್ ದೇರ್."

"ಇಲ್ಲ ಪುಟ್ಟಾ. ಎದ್ದು ನಿಂತದ್ದು ಹೌದು. ಹೇಳಲಿಲ್ಲ. ಪಾತ್ರೆ ತೊಳೆಯಬೇಕು ಅಂತ ಮೇಲೆ ಅಡುಗೆಮನೆಗೆ ಹೋಗಿಬಿಟ್ಟೆ."

ಅವಳು ನನ್ನನ್ನೇ ನೋಡಿದಳು. ತನ್ನ ಕಣ್ಣಿನಲ್ಲಿ ಅಷ್ಟು ಸ್ಪಷ್ಟವಾಗಿದ್ದದ್ದು ಕರಗುವುದನ್ನು ನೋಡುವ ನೋಟ ಅದು. ನನಗೆ ಚೆನ್ನಾಗಿ ಗೊತ್ತಿರುವ ನೋಟ.

"ನಲ್ಲಿ ಸೌಂಡ್ ಬರ್ತಿತ್ತು," ಅಂದಳು ನಿಧಾನವಾಗಿ. "ಯಾ. ಆಮೇಲೆ ಪಾಟೀಲ್ ಅಂಕಲ್ ಇನ್ನೂ ಮಾತಾಡ್ತಿದ್ದಾಗ ಮೇಲೆ ನೀರು ಓಡ್ತಾನೇ ಇತ್ತು. ತುಂಬಾ ಹೊತ್ತು."

"ಹ್ಞೂಂ."

"ಎಷ್ಟು ಪಾತ್ರೆ ಇತ್ತು?"

"ಒಂದು. ಗಿರ್ಮಿಟ್ಟಿನ ಬೋಗುಣಿ."

"ಒಂದಾ?"

"ಒಂದೇ. ಮೂರು ಸಲ ತೊಳೆದೆ."

ಅದಿತಿ ಜೋರಾಗಿ ನಕ್ಕು, ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು. ಆ ಚಂದದ ಪ್ಯಾರಾ ನನ್ನ ಕಣ್ಣೆದುರೇ ಸಾಲು ಸಾಲಾಗಿ ಅಳಿಸಿಹೋಯಿತು. ಅದರ ಜಾಗದಲ್ಲಿ ಬೋಗುಣಿಯನ್ನು ಹಾಕಿದಳು, ಮೂರು ಸಲ ಎಂಬುದನ್ನೂ ಬಿಡದೆ. ಒಮ್ಮೆ ಗಟ್ಟಿಯಾಗಿ ಓದಿಕೊಂಡಳು. ಆಮೇಲೆ ಕಳಿಸಿದಳು.